ರೋಗ ಹೋದ ಮೇಲಿನ ಭಯ

ಅಮೆರಿಕೆಯ ವೈದ್ಯರಾದ ಫಿಟ್ಜ್‌ಹ್ಯೂ ಮಲ್ಲನ್ ಅವರ ಎದೆಯೊಳಗೆ ಕ್ಯಾನ್ಸರ್ ಇರುವುದು 1975ರಲ್ಲಿ ಪತ್ತೆಯಾದಾಗ ಅವರಿಗೆ ವಯಸ್ಸು ಕೇವಲ 32. ಶಸ್ತ್ರಚಿಕಿತ್ಸೆ, ವಿಕಿರಣ, ಉಗ್ರವಾದ ಔಷಧಗಳು ಇವೆಲ್ಲವನ್ನೂ ಸಹಿಸಿ ಅವರು ಬದುಕುಳಿದರು. 1985ರಲ್ಲಿ ಅವರು ಬರೆದ ಲೇಖನವೊಂದು ಅಂತಹ ಬದುಕನ್ನು ಋತುಗಳಾಗಿ ವಿಂಗಡಿಸಿತು. ಮೊದಲನೆಯದು ಚಿಕಿತ್ಸೆಯ ಕಾಲ. ಎರಡನೆಯದು ಚಿಕಿತ್ಸೆ ಮುಗಿದರೂ ರೋಗ ಮರುಕಳಿಸೀತೆಂಬ ಭಯವು ಮನವನ್ನಾಳುವ ಕಾಲ. ಮೂರನೆಯದು ಆ ಶಂಕೆ ಕ್ರಮೇಣ ಅಡಗುವ ಕಾಲ.

ಎರಡನೆಯ ಋತುವಿನ ಸಂಕಟ ಪರರ ಕಣ್ಣಿಗೆ ಕಾಣದು. ಬಂಧುಗಳು ಗುಣವಾಯಿತೆಂದು ಹಿಗ್ಗುತ್ತಿರುವಾಗ ಗುಣಹೊಂದಿದವರು ಸಣ್ಣ ಕೆಮ್ಮಿಗೂ ಬೆಚ್ಚುತ್ತಾರೆ. ತಪಾಸಣೆಯ ದಿನ ಸಮೀಪಿಸಿದಂತೆ ನಿದ್ರೆಗೆಡುತ್ತಾರೆ. ‘ಧೈರ್ಯವಾಗಿರಿ’ ಎಂಬ ಹಿತವಚನ ಅವರ ಬಾಯಿಯನ್ನು ಮುಚ್ಚಿಸುತ್ತದೆ. ಭಯವಾದರೋ ಒಳಗೇ ಬೇರೂರುತ್ತದೆ. ಅದನ್ನು ದೌರ್ಬಲ್ಯವೆಂದು ಹಳಿಯುವುದು ಅನ್ಯಾಯ. ರೋಗ ಮರಳುವ ಸಂಭವ ನಿಜವಾಗಿಯೂ ಇರುವುದರಿಂದ ಆ ಭಯ ನಿರಾಧಾರವಲ್ಲ.

ಇದನ್ನರಿತ ಆಸ್ಟ್ರೇಲಿಯದ ಮನೋವಿಜ್ಞಾನಿಗಳು ಭಯದೊಡನೆ ಬಾಳುವ ಬಗೆಯನ್ನು ಕಲಿಸಹೊರಟರು. 222 ಮಂದಿ ಭಾಗವಹಿಸಿದ ಅವರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಗಮನವನ್ನು ಹಿಡಿತದಲ್ಲಿಡುವ ಅಭ್ಯಾಸ, ಬಂದ ಚಿಂತೆಯೊಡನೆ ಸೆಣಸದೆ ಅದನ್ನು ಸಾಕ್ಷಿಯಂತೆ ನೋಡುವ ಬಗೆ, ಮಿತವರಿತ ತಪಾಸಣೆ, ಬದುಕಿನಲ್ಲಿ ತಮಗೆ ಬೆಲೆಯುಳ್ಳುದರತ್ತ ಮರಳುವಿಕೆ ಇವನ್ನು 5 ಭೇಟಿಗಳಲ್ಲಿ ಕಲಿತವರ ಭಯವು, ಮೈ ಸಡಿಲಿಸುವ ಅಭ್ಯಾಸವನ್ನಷ್ಟೇ ಕಲಿತವರ ಭಯಕ್ಕಿಂತ ಹೆಚ್ಚು ತಗ್ಗಿತ್ತು.

ಮಲ್ಲನ್ ಆ ರೋಗದ ಬಳಿಕ 44 ವರ್ಷ ಬಾಳಿ 2019ರಲ್ಲಿ ನಿಧನರಾದರು. ಗುಣಹೊಂದಿದವರನ್ನು ‘ಹೇಗಿದ್ದೀರಿ’ ಎಂದು ಕೇಳುವವರು ಅನೇಕರು. ಕೇಳಿ, ನಿಜವಾದ ಉತ್ತರಕ್ಕೆ ಕಾಯುವವರು ವಿರಳ. ಆ ಕಾಯುವಿಕೆಯೂ ಚಿಕಿತ್ಸೆಯೇ.