ತಂತಿಗೂ ಕಿವಿಗೂ ನಡುವೆ

ಮಲೆನಾಡಿನ ಮಳೆಗಾಲವೆಂದರೆ ಮನೆಯ ಸಮಸ್ತ ವಸ್ತುಗಳಿಗೂ ಒಂದು ಪರೀಕ್ಷೆ. ಪೆಟ್ಟಿಗೆಯ ರೇಷ್ಮೆಸೀರೆ, ಕಪಾಟಿನ ಪುಸ್ತಕ, ಬಾಗಿಲ ಮೂಲೆಯ ಚಪ್ಪಲಿ, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರು ಮಳೆ ಬೀಳುತ್ತದೆ. ಹೊಸನಗರ, ಸಾಗರಗಳ ಪಾಲು ಅಷ್ಟಿಲ್ಲದಿದ್ದರೂ ಕಬ್ಬಿಣಕ್ಕೆ ತುಕ್ಕು ಹಿಡಿಸಲು ಅದು ಧಾರಾಳವಾಗಿ ಸಾಕು. ಇಂಥ ನಾಡಿನಲ್ಲಿ ಒಂದು ವಿದ್ಯುತ್ ಗಿಟಾರನ್ನೂ ಅದರ ಹಿಂದೆ ಎಂಟು ಪೆಡಲುಗಳನ್ನೂ ಸಾಕಲು ಹೊರಡುವವನ ಧೈರ್ಯವನ್ನು ಮೆಚ್ಚಲೇಬೇಕು.

ಸಾಗರದ ಬಳಿಯ ಅಡಕೆತೋಟದ ಮನೆಯೊಂದರ ಹುಡುಗನಿಗೆ ಅಂಥ ಧೈರ್ಯವಿತ್ತು. ಮೂರು ಸುಗ್ಗಿಯ ಅಡಕೆ ಸುಲಿತದ ಲೆಕ್ಕ ಬರೆದು ಕೂಡಿಸಿದ ಹಣ ಒಂದೊಂದಾಗಿ ಪೆಡಲುಗಳಾಗಿ ಪರಿಣಮಿಸಿತು. ಮದ್ದಳೆಗಾರನಾಗಿ ಎಷ್ಟೋ ಆಟಗಳನ್ನು ಕಂಡಿದ್ದ ದೊಡ್ಡಪ್ಪ ಆ ಬಣ್ಣಬಣ್ಣದ ಡಬ್ಬಿಗಳನ್ನು ನೋಡಿ, ಚೌಕಿಯಲ್ಲಿ ವೇಷದ ಬಣ್ಣದ ಡಬ್ಬಿಗಳೂ ಇಷ್ಟಿರಲಿಲ್ಲವೆಂದು ನಕ್ಕರು.

ಪೆಡಲೆಂದರೆ ಕಾಲಿನಿಂದ ಒತ್ತಿ ಚಾಲೂ ಮಾಡುವ ಸಣ್ಣ ಲೋಹದ ಪೆಟ್ಟಿಗೆ. ಗಿಟಾರಿನ ದನಿ ಧ್ವನಿವರ್ಧಕವನ್ನು ಮುಟ್ಟುವ ಮೊದಲು ಇದರೊಳಗೆ ಹಾದು ಹೋಗುತ್ತದೆ. ಒಂದು ದನಿಯನ್ನು ಒರಟಾಗಿಸುತ್ತದೆ, ಇನ್ನೊಂದು ಮಾರ್ದನಿ ಕೊಡುತ್ತದೆ, ಮತ್ತೊಂದು ನೀರಿನ ಮೇಲಣ ಬೆಳಕಿನಂತೆ ತೂಗಾಡಿಸುತ್ತದೆ. ಇದರ ಹುಟ್ಟೇ ಒಂದು ಆಕಸ್ಮಿಕ. 1960ರ ದಶಕದ ಮೊದಲಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಧ್ವನಿಮುದ್ರಣ ಶಾಲೆಯೊಂದರಲ್ಲಿ ಯಂತ್ರವೊಂದು ಕೆಟ್ಟು ವಾದ್ಯದ ದನಿ ಗೊರಗೊರನೆ ಹರಿದಂತಾಯಿತು. ಜನ ಅದನ್ನೇ ಮೆಚ್ಚಿದರು. ಕೆಟ್ಟ ದನಿಯನ್ನು ಬೇಕೆಂದಾಗ ಬರಿಸುವ ಪೆಟ್ಟಿಗೆ 1962ರಲ್ಲಿ ಅಂಗಡಿಗೆ ಬಂದಿತು. ಹೀಗೆ ದೋಷವೇ ಭೂಷಣವಾದ ವಿದ್ಯೆಯಲ್ಲಿ, ಬೇಡದ ದೋಷ ಯಾವುದೆಂದು ತಿಳಿಯುವುದೇ ದೊಡ್ಡ ಕಷ್ಟ.

ಆ ಕಷ್ಟದ ಮೊದಲ ಪರಿಚಯ ಹೊಸನಗರದ ಗಣೇಶೋತ್ಸವದಲ್ಲಾಯಿತು. ಅದೇ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿ, ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರ ಹಾಡುಗಳೆಂದರೆ ಅಲ್ಲಿನ ಜನಕ್ಕೆ ಮನೆಯ ಆಸ್ತಿಯಿದ್ದಂತೆ. ಅಂಥ ಹಾಡಿನ ನಡುವೆ ಗಿಟಾರು ಒಮ್ಮೆ ನುಡಿಯಿತು, ಒಮ್ಮೆ ಮೂಕವಾಯಿತು, ಒಮ್ಮೆ ಬಾಣಲೆಗೆ ಬಿದ್ದ ಹಪ್ಪಳದಂತೆ ಚರಚರಗುಟ್ಟಿತು. ಮನೆಗೆ ಬಂದು ಬಿಚ್ಚಿ ನೋಡಿದರೆ ಕಾರಣ ಸರಳ: ಪೆಡಲಿನಿಂದ ಪೆಡಲಿಗೆ ಹೋಗುವ ಗಿಡ್ಡ ತಂತಿಗಳ ತುದಿಯಲ್ಲಿ ಕಿಲುಬು. ತೇವಕ್ಕೆ ಹೆದರಿದ ತಾಯಿ, ಕಂಬಳಿ ಒಣಗಿಸುವ ಒಲೆಯ ಮೇಲಿನ ಅಟ್ಟದಲ್ಲಿ ಪೆಡಲುಗಳನ್ನೂ ಇಟ್ಟಿದ್ದಳು. ತೇವವೇನೋ ಹೋಗಿತ್ತು. ಅದರ ಬದಲು ಹೊಗೆಯ ಮಸಿ ಒಳಸೇರಿ, ತಿರುಗುವ ಗುಬುಟುಗಳೆಲ್ಲ ಗೊರಗುಡುತ್ತಿದ್ದವು. ತಾಯಿಯ ಪ್ರೀತಿಯನ್ನು ದೂರುವ ಹಾಗಿಲ್ಲ, ಮಸಿಯನ್ನು ಬಿಡುವ ಹಾಗೂ ಇಲ್ಲ. ಶುದ್ಧ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ತುದಿಗಳನ್ನೆಲ್ಲ ಒರೆಸಿದ್ದಾಯಿತು. ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾದ ಪೊಟ್ಟಣಗಳನ್ನಿಟ್ಟು, ಹದಿನೈದು ದಿನಕ್ಕೊಮ್ಮೆ ಎಲ್ಲವನ್ನೂ ತೆಗೆದು ನುಡಿಸಿ ನೋಡುವ ವ್ರತ ಆರಂಭವಾಯಿತು.

ಎರಡನೆಯ ಪೆಟ್ಟು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಕಾಲದಲ್ಲಿ ಬಿತ್ತು. ಆ ಸಂಜೆ ಒಂದು ತಂತಿಯೂ ಕೈಕೊಡಲಿಲ್ಲ. ಆದರೂ ದನಿ ಕಂಬಳಿ ಹೊದ್ದು ಕುಳಿತಂತೆ ಮಂಕಾಗಿತ್ತು. ಹಿಂದೆ ‘ಹೂಂ’ ಎಂಬ ಎಡೆಬಿಡದ ಗುಂಯ್ಗುಡಿಕೆ. ಎರಡನೆಯ ಹಾಡು ಮುಗಿದಾಗ ಗಾಯಕಿ ಬಗ್ಗಿ, ಇನ್ನುಳಿದ ಹಾಡುಗಳಿಗೆ ಗಿಟಾರು ಬೇಡವೆಂದು ಮೆಲ್ಲನೆ ಹೇಳಿದಳು. ಮುಂದಿನ ಒಂದೂವರೆ ಗಂಟೆ ವೇದಿಕೆಯ ಮೇಲೆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವುದೆಂದರೆ, ಊಟದ ಪಂಕ್ತಿಯಲ್ಲಿ ಎಲೆಯಿಲ್ಲದೆ ಕುಳಿತ ಹಾಗೆ.

ಆ ರಾತ್ರಿ ಇನ್ನೂ ದೊಡ್ಡ ಅನಾಹುತವೊಂದು ಸ್ವಲ್ಪದರಲ್ಲೇ ತಪ್ಪಿತು. ಗುಂಯ್ಗುಡಿಕೆ ನಿಲ್ಲಬೇಕಾದರೆ ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದರೆ ಸಾಕೆಂದು ಯಾರೋ ಬುದ್ಧಿ ಹೇಳಿದರು. ಅದು ಭೂಮಿಗೆ ಸೇರುವ ಕಡ್ಡಿ, ಪ್ರಾಣ ಕಾಯುವ ಕಡ್ಡಿ. ವಿದ್ಯುತ್ ಗಿಟಾರಿನ ತಂತಿಗಳು ಸಾಮಾನ್ಯವಾಗಿ ಧ್ವನಿವರ್ಧಕದ ಲೋಹದ ಮೈಯೊಡನೆ ಸಂಬಂಧ ಪಡೆದಿರುತ್ತವೆ. ಭೂಸಂಪರ್ಕ ಕಡಿದ ಮೇಲೆ ಆ ಯಂತ್ರದಲ್ಲಿ ಎಲ್ಲಾದರೂ ವಿದ್ಯುತ್ತು ಸೋರಿದರೆ, ಅದು ನುಡಿಸುವವನ ಬೆರಳಿಗೇ ಬರುತ್ತದೆ. ಒದ್ದೆ ನೆಲದ ಮೇಲೆ ನಿಂತು ಮೈಕನ್ನು ಮುಟ್ಟಿದರೆ ಮುಂದಿನದನ್ನು ವರ್ಣಿಸಬೇಕಾಗಿಲ್ಲ. ದೀಪದ ಕೆಲಸದ ಮುದುಕನೊಬ್ಬ ಕೈಹಿಡಿದು ತಡೆದ. ಗುಂಯ್ಗುಡಿಕೆಯ ಮೂಲ ಬೇರೆಯೇ ಇತ್ತು. ಎಂಟು ಪೆಡಲುಗಳಿಗೂ ಒಂದೇ ಅಗ್ಗದ ವಿದ್ಯುತ್ ಡಬ್ಬಿಯಿಂದ ಸರಮಾಲೆಯಂತೆ ಕವಲು ತೆಗೆದಿತ್ತು. ಸಾದಾ ಪೆಡಲಿಗೆ 10–20 ಮಿಲಿಆಂಪಿಯರು ಸಾಕು, ಆದರೆ ಗಣಕದ ತತ್ತ್ವದಿಂದ ನಡೆಯುವ ಮಾರ್ದನಿಯ ಪೆಡಲು 100ಕ್ಕೂ ಮೀರಿ ಬೇಡುತ್ತದೆ, ತನ್ನ ಗದ್ದಲವನ್ನು ನೆರೆಯವರಿಗೂ ಹಂಚುತ್ತದೆ. ಒಂದೊಂದಕ್ಕೂ ಪ್ರತ್ಯೇಕವಾದ ಕವಲುಳ್ಳ 9 ವೋಲ್ಟಿನ ಡಬ್ಬಿ ಬಂದ ಮೇಲೆ ಆ ಶಬ್ದ ಬಹುಮಟ್ಟಿಗೆ ಅಡಗಿತು.

ಮಂಕು ಮಾತ್ರ ಹೋಗಲಿಲ್ಲ. ಒಂದು ಮಧ್ಯಾಹ್ನ ಜಗಲಿಯಲ್ಲಿ ಎಲೆಯಡಕೆ ಹಾಕುತ್ತ ಕುಳಿತ ದೊಡ್ಡಪ್ಪ ಬಹಳ ಹೊತ್ತು ಕೇಳಿ ಒಂದೇ ಮಾತು ಹೇಳಿದರು:

“ಮಾಣೀ, ಪೆಟ್ಟಿಗೆ ಕೇಳ್ತು, ತಂತಿ ಕೇಳ್ತಿಲ್ಲೆ.”

ಹುಡುಗನಿಗೆ ಸಿಟ್ಟು ಬಂತು. ಎಂಬತ್ತರ ಹತ್ತಿರದ ಕಿವಿಗೆ ಏನು ತಿಳಿದೀತೆಂಬ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ದೊಡ್ಡಪ್ಪ ಎದ್ದು ಹೋಗಿ ಮದ್ದಳೆ ತಂದರು. ಎರಡು ವರ್ಷಗಳಿಂದ ಅವರ ಬೆರಳುಗಳು ನಡುಗುತ್ತಿದ್ದವು. ಮೇಳದ ಮಾತು ಹಾಗಿರಲಿ, ಊರಿನ ತಾಳಮದ್ದಳೆಗೂ ಅವರು ಹೋಗುತ್ತಿರಲಿಲ್ಲ. ಬಟ್ಟೆ ಬಿಚ್ಚಿ, ಬಲಮುಚ್ಚಿಗೆಯ ಕರಣೆಯನ್ನು ಒರೆಸಿ, ಶ್ರುತಿ ನೋಡಿ ಒಂದು ಪೆಟ್ಟು ಹಾಕಿದರು. ಕೈ ನಡುಗಿತು, ದನಿ ನಡುಗಲಿಲ್ಲ. ಅದು ಅಂಗಳ ದಾಟಿ ತೋಟದವರೆಗೂ ಹೋಯಿತು. ಶ್ರುತಿ ಸೇರದ ಮದ್ದಳೆಯನ್ನು ಎಷ್ಟು ದೊಡ್ಡ ಮೈಕಿನ ಮುಂದಿಟ್ಟರೂ ಅದರ ತಪ್ಪು ದೊಡ್ಡದಾಗುತ್ತದೆಯೇ ಹೊರತು ಸರಿಯಾಗುವುದಿಲ್ಲವೆಂದು ಅವರು ವಿವರಿಸಬೇಕಾಗಲಿಲ್ಲ.

ಅಂದು ಸಂಜೆ ಹುಡುಗ ಎಂಟು ಪೆಡಲುಗಳನ್ನೂ ಬಿಡಿಸಿಟ್ಟು, ಗಿಟಾರನ್ನು ಒಂದೇ ತಂತಿಯಿಂದ ಧ್ವನಿವರ್ಧಕಕ್ಕೆ ಸಿಕ್ಕಿಸಿ ನುಡಿಸಿದ. ತಂತಿಯ ಹೊಳಪೆಲ್ಲ ಮರಳಿ ಬಂದಿತ್ತು! ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಒಂದೊಂದೇ ಪೆಡಲನ್ನು ಸೇರಿಸುತ್ತ, ಪ್ರತಿಸಲವೂ ಕಿವಿಗೊಟ್ಟು ಹೋಲಿಸುತ್ತ ಬಂದ. ಆಗ ಗುಟ್ಟು ತಿಳಿಯಿತು. ಗಿಟಾರಿನಿಂದ ಹೊರಡುವ ಸಂಕೇತ ಬಲು ದುರ್ಬಲ. ಮೀಟರಿಗೆ ಸುಮಾರು 100 ಪಿಕೋಫ್ಯಾರಡಿನಷ್ಟು ಧಾರಣೆಯುಳ್ಳ ತಂತಿಯಲ್ಲಿ ಅದು ಹನ್ನೆರಡು, ಹದಿನೈದು ಮೀಟರು ನಡೆದರೆ ಮೇಲಿನ ಸ್ವರಗಳ ಕಾಂತಿ ದಾರಿಯಲ್ಲೇ ಸೋರಿಹೋಗುತ್ತದೆ. ಪೆಡಲನ್ನು ಆರಿಸಿದಾಗ ಸಂಕೇತವನ್ನು ನೇರವಾಗಿ ದಾಟಿಸಿಬಿಡುವ ಪೆಡಲುಗಳೇ ಸಾಲಾಗಿದ್ದರೂ ಈ ನಡಿಗೆ ತಪ್ಪುವುದಿಲ್ಲ. ಅದಕ್ಕೆ ಮದ್ದು, ಸಾಲಿನ ಮೊದಲಲ್ಲಿ ಒಂದು ‘ಬಫರ್’. ದೂರ ಪ್ರಯಾಣಕ್ಕೆ ಹೊರಟ ಮಗುವಿಗೆ ಬುತ್ತಿ ಕಟ್ಟಿಕೊಡುವಂತೆ ಅದು ಸಂಕೇತಕ್ಕೆ ಬಲ ತುಂಬುತ್ತದೆ. ಹಳೆಯ ಮಾದರಿಯ ಫಜ್ ಪೆಡಲು ಮಾತ್ರ ಇದನ್ನು ಒಲ್ಲದು. ಅದಕ್ಕೆ ಗಿಟಾರಿನ ನೇರ ಸಂಬಂಧವೇ ಬೇಕು. ಆದ್ದರಿಂದ ಅದನ್ನು ಬಫರಿಗಿಂತ ಮುಂದೆ ಕೂರಿಸಬೇಕು.

ಸಾಲಿಗೂ ಒಂದು ನ್ಯಾಯವುಂಟು. ಒರಟು ಮಾಡುವವು ಮೊದಲು, ತೂಗಾಡಿಸುವವು ಆಮೇಲೆ, ಮಾರ್ದನಿ ಕೊಡುವವು ಕಡೆಗೆ. ಮಾರ್ದನಿಯನ್ನು ಮೊದಲಿಟ್ಟು ಅದನ್ನು ಒರಟಾಗಿಸಿದರೆ ಕೇಳುವುದು ಕೆಸರು ಮಾತ್ರ. ಪೆಡಲನ್ನು ಒತ್ತಿದಾಗ ದನಿಯ ಗಾತ್ರ ಏರಬಾರದು, ಇಳಿಯಬಾರದು. ಗಟ್ಟಿಯಾಗಿ ಕೇಳುವುದೆಲ್ಲ ಚೆನ್ನಾಗಿದೆಯೆಂದು ನಂಬುವುದು ಕಿವಿಯ ಹಳೆಯ ದೌರ್ಬಲ್ಯ. ಜಾತ್ರೆಯ ಬಯಲಿನಲ್ಲಿ ದೂರದೂರದ ಧ್ವನಿವರ್ಧಕಗಳೇ ಮಾರ್ದನಿ ಎಬ್ಬಿಸುವುದರಿಂದ, ಮನೆಯ ಕೋಣೆಯಲ್ಲಿ ಹಿತವಾಗಿದ್ದ ಮಾರ್ದನಿಯನ್ನು ಅಲ್ಲಿ ಅರ್ಧಕ್ಕೆ ಇಳಿಸುವುದು ಲೇಸು. ಇಷ್ಟು ತಿಳಿದ ಮೇಲೆ ಎಂಟು ಪೆಡಲುಗಳಲ್ಲಿ ನಾಲ್ಕು ಪೆಟ್ಟಿಗೆ ಸೇರಿದವು. ಅವು ಕೆಟ್ಟವಾಗಿರಲಿಲ್ಲ, ಬೇಕಾಗಿರಲಿಲ್ಲ, ಅಷ್ಟೆ.

ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ ಆ ಮಾಘದಲ್ಲೇ ಬಂತು. ತೊಟ್ಟಿಲು, ಬಳೆಯಂಗಡಿ, ಮಿಠಾಯಿಯಂಗಡಿಗಳ ಗದ್ದಲದ ನಡುವಿನ ಒಂದು ಕಾರ್ಯಕ್ರಮಕ್ಕೆ ಅದೇ ಗಾಯಕಿ ಹಾಡಲು ಬಂದಿದ್ದಳು. ದೊಡ್ಡಪ್ಪನನ್ನು ಕಾರಿನಲ್ಲಿ ಕರೆತಂದು ನಾಲ್ಕನೆಯ ಸಾಲಿನಲ್ಲಿ ಕೂರಿಸಿದ್ದರು. ಮೊದಲ ಹಾಡಿಗೆ ಹುಡುಗ ಒಂದು ಪೆಡಲನ್ನೂ ಒತ್ತಲಿಲ್ಲ. ಎರಡನೆಯದಕ್ಕೆ ಒಂದನ್ನು ಒತ್ತಿದ. ಹಾಡು ಮುಗಿದಾಗ ಗಾಯಕಿ ಈ ಸಲವೂ ಬಗ್ಗಿದಳು. ಹುಡುಗನ ಎದೆ ನಿಂತಂತಾಯಿತು. ಗಿಟಾರು ಇನ್ನು ತುಸು ಮುಂದೆ ಕೇಳಲಿ ಎಂದಳು ಅವಳು.

ಮರಳುವ ದಾರಿಯಲ್ಲಿ ದೊಡ್ಡಪ್ಪ ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ. ಹೊಗಳುವುದು ಆ ಮನೆಯ ರೂಢಿಯಲ್ಲ. ಆದರೆ ಮನೆ ತಲುಪಿ ಕೈಕಾಲು ತೊಳೆದ ಮೇಲೆ ತಮ್ಮ ಮದ್ದಳೆಯನ್ನು ಬಟ್ಟೆಯಲ್ಲಿ ಸುತ್ತಿ, ಹುಡುಗನ ಕೋಣೆಯಲ್ಲಿ ಪೆಡಲಿನ ಪೆಟ್ಟಿಗೆಯ ಪಕ್ಕದಲ್ಲಿಟ್ಟರು.

ಮಳೆಗಾಲಕ್ಕೆ ಅದಕ್ಕೂ ಎರಡು ಪೊಟ್ಟಣ ಹಾಕಿಡಬೇಕೆಂದು ಹೇಳಿ, ದೀಪ ಆರಿಸಿ ಮಲಗಲು ಹೋದರು.