ಕಾಕಿನಾಡದ ಕಡಲಾಳದಲ್ಲಿ ಗೋದಾವರಿಯ ಮರಳು

ಆಂಧ್ರದ ಕಾಕಿನಾಡಕ್ಕೆ ಹೋದವರು ಕೋರಿಂಗದ ಕಾಂಡ್ಲಾ ಕಾಡು ನೋಡಿ, ದೋಣಿಯಲ್ಲಿ ಹೋಪ್ ದ್ವೀಪ ಸುತ್ತಿ ಮರಳುತ್ತಾರೆ. ನೀವು ಹೋದರೆ ಆ ದ್ವೀಪದ ಮರಳನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದು ಗೋದಾವರಿ ಹೊತ್ತು ತಂದದ್ದು. ನದಿ ಕಡಲು ಸೇರಿದರೂ ಮರಳಿನ ಪಯಣ ಮುಗಿಯುವುದಿಲ್ಲ. ಅದು ಸಮುದ್ರದಡಿಯ ಕಣಿವೆಗಳಲ್ಲಿ ಇನ್ನೂ ಆಳಕ್ಕೆ ಜಾರುತ್ತದೆ.

ಹತ್ತಾರು ಲಕ್ಷ ವರ್ಷಗಳ ಹಿಂದೆ ಹಾಗೆ ಜಾರಿದ ಮರಳಿನಲ್ಲೇ 2002ರಲ್ಲಿ ರಿಲಯನ್ಸ್ ಸಂಸ್ಥೆಗೆ ಅನಿಲ ಸಿಕ್ಕಿತು. ಕೆ.ಜಿ. ಡಿ-6 ಎಂಬ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅನಿಲವು ನೆಲದಡಿ ಕೆರೆಯಂತೆ ನಿಂತಿರುವುದಿಲ್ಲ. ಮರಳಿನ ಕಣಗಳ ಸಂದುಗಳಲ್ಲಿ ಅಡಗಿರುತ್ತದೆ. ಅದರ ಮೇಲೆ ಜೇಡಿಮಣ್ಣಿನ ಪದರವು ಮುಚ್ಚಳದಂತಿರುತ್ತದೆ. ಬಾವಿ ಕೊರೆದಾಗ ಕುಕ್ಕರಿನ ಆವಿಯಂತೆ ಒತ್ತಡವೇ ಅದನ್ನು ಮೇಲಕ್ಕೆ ತಳ್ಳುತ್ತದೆ.

2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಆರಂಭವಾಯಿತು. ಕಾಕಿನಾಡದ ಬಳಿಯ ಗಾಡಿಮೊಗದಲ್ಲಿ ದಡ ಸೇರಿದ ಅನಿಲ, ಕರ್ನಾಟಕವನ್ನೂ ಹಾದು ಗುಜರಾತಿನ ಭರೂಚ್‌ವರೆಗೆ ಸುಮಾರು 1,400 ಕಿ.ಮೀ. ಕೊಳವೆಯಲ್ಲಿ ಸಾಗಿತು. ದಿನಕ್ಕೆ 8 ಕೋಟಿ ಘನ ಮೀಟರ್ ಸಿಗುವ ನಿರೀಕ್ಷೆಯಿತ್ತು. 2010ರಲ್ಲಿ ಸುಮಾರು 6 ಕೋಟಿ ತಲುಪಿ ಇಳಿಯತೊಡಗಿತು. 2013ರ ಕೊನೆಗೆ ಅದರ ಕಾಲು ಭಾಗವೂ ಉಳಿಯಲಿಲ್ಲ.

ಏನಾಯಿತು? ಮರಳಿನ ಪದರ ಎಲ್ಲೆಡೆ ಒಂದೇ ಸಮ ಹಾಸಿರಲಿಲ್ಲ. ಹಳೆಯ ತೊರೆಗಳ ಜಾಡಿನಂತೆ ತುಂಡುತುಂಡಾಗಿತ್ತು. ಒತ್ತಡ ಕುಸಿದಂತೆ ಕೆಳಗಿನ ನೀರು ಮೇಲೇರಿತು. ಬಾವಿಗಳಿಗೆ ನೀರಿನ ಜೊತೆ ಮರಳೂ ನುಗ್ಗಿತು. ಬಾವಿಗಳನ್ನು ಕಡಿಮೆ ಕೊರೆದದ್ದೇ ಕಾರಣವೆಂದು ಸರಕಾರ, ಭೂಗರ್ಭದ ರಚನೆಯೇ ಕಾರಣವೆಂದು ಸಂಸ್ಥೆ ವಾದಿಸಿದವು. ಈ ಅನಿಲವನ್ನೇ ನಂಬಿ ಆಂಧ್ರದಲ್ಲಿ ಕಟ್ಟಿದ ವಿದ್ಯುತ್ ಸ್ಥಾವರಗಳು ಮಾತ್ರ ಸುಮ್ಮನೆ ನಿಂತವು. ಮೊದಲ ಬಾವಿಗಳು 2020ರ ಫೆಬ್ರವರಿಯಲ್ಲಿ ಮುಚ್ಚಿದವು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ 2,000 ಮೀಟರಿಗೂ ಆಳದ ನೀರಿನಡಿಯ ಹೊಸ ನಿಕ್ಷೇಪದಿಂದ ಅನಿಲ ಬಂತು. 2024ರ ಜನವರಿ 7ರಂದು ಒ.ಎನ್.ಜಿ.ಸಿ. ಇದೇ ಕಡಲಿನ ಇನ್ನೊಂದು ಆಳದ ಕ್ಷೇತ್ರದಿಂದ ತೈಲವನ್ನೂ ತೆಗೆಯಿತು.

ಸಹೋದರಿಯರೇ, ಡಬ್ಬಿಯಲ್ಲಿ ಎಷ್ಟು ಅಕ್ಕಿ ಇದೆಯೆಂದು ನಾವು ಕೈ ಹಾಕಿ ನೋಡಬಲ್ಲೆವು. ಕಡಲ ತಳದ ಕೆಳಗಿನ ಸಂಪತ್ತಿಗೆ ಅಂಥ ಅಳತೆಯಿಲ್ಲ. ತೆಗೆಯುತ್ತಾ ಹೋದಂತೆಯೇ ಅದು ತಿಳಿಯುತ್ತದೆ. ಕೈಗೆ ಬಾರದ ಅನಿಲವನ್ನು ನೆಚ್ಚಿ ಕೋಟಿಗಟ್ಟಲೆ ಸುರಿಯುವ ಮುನ್ನ ನೆನಪಿಡಬೇಕಾದ ಮಾತಿದು.