ನುಡಿ ಮರೆತರೂ ರುಚಿ ಮರೆಯದ ಊರು

ಅಮೆರಿಕ ಸಂಯುಕ್ತ ಸಂಸ್ಥಾನದ ನಡುನಾಡಿನಲ್ಲಿ, ಮಿಸಿಸಿಪಿ ಮತ್ತು ಮಿಸ್ಸೂರಿ ಮಹಾನದಿಗಳ ಮಧ್ಯೆ, ಅಯೋವಾ ಎಂಬ ರಾಜ್ಯವಿದೆ. ಅದು ಮುಸುಕಿನ ಜೋಳದ ತವರು. ಕಣ್ಣು ಹಾಯುವವರೆಗೂ ಜೋಳದ ಹೊಲ, ಸೋಯಾ ಅವರೆಯ ಹೊಲ. ಅಲ್ಲೊಂದು ಇಲ್ಲೊಂದು ಒಂಟಿ ರೈತಮನೆ. ಅದನ್ನು ಬಿಟ್ಟರೆ ಮೇಲೆ ವಿಶಾಲವಾದ ಆಕಾಶ. ರಾಜಧಾನಿಯಾದ ಡಿ ಮಾಯ್ನ್ ನಗರದಿಂದ ಆಗ್ನೇಯಕ್ಕೆ ಸುಮಾರು ೪೦ ಮೈಲಿ ಸಾಗಿದ ಪ್ರಯಾಣಿಕನಿಗೆ ಈ ಹೊಲಗಳ ನಡುವೆ ಒಂದು ವಿಚಿತ್ರ ನೋಟ ಎದುರಾಗುತ್ತದೆ. ಬೃಹದಾಕಾರದ ಗಾಳಿಗಿರಣಿಯೊಂದು ತನ್ನ ನಾಲ್ಕು ರೆಕ್ಕೆಗಳನ್ನು ಚಾಚಿ ನಿಂತಿದೆ. ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಮುಖಗಳುಳ್ಳ ಇಟ್ಟಿಗೆಯ ಕಟ್ಟಡಗಳು, ಕಾಲುವೆ, ಮರದ ಪಾದರಕ್ಷೆಯ ಆಕಾರದಲ್ಲಿ ತೋಡಿದ ಕೊಳ. ಯೂರೋಪಿನ ಹಾಲೆಂಡಿನ ತುಣುಕೊಂದನ್ನು ಯಾರೋ ತಂದು ಜೋಳದ ಹೊಲದಲ್ಲಿ ಇಳಿಸಿ ಹೋದಂತೆ ತೋರುತ್ತದೆ. ಈ ಊರಿನ ಹೆಸರು ಪೆಲ್ಲಾ. ೨೦೨೦ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಹತ್ತೂವರೆ ಸಾವಿರದಷ್ಟಿತ್ತು.

ಊರಿನ ಹೆಸರಿಗೇ ಒಂದು ಪ್ರವಾಸಕಥೆಯಿದೆ. ಮೊದಲನೆಯ ಪೆಲ್ಲಾ, ಅಲೆಗ್ಸಾಂಡರ್ ಚಕ್ರವರ್ತಿ ಹುಟ್ಟಿದ ಮಾಸಿಡೋನಿಯದ ಪಟ್ಟಣ. ಮುಂದೆ ಜೋರ್ಡಾನ್ ನದಿಯ ಆಚೆಗಿನ ಒಂದು ಊರಿಗೂ ಅದೇ ಹೆಸರು ಬಂದಿತು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮನರು ಜೆರೂಸಲೇಮನ್ನು ನಾಶಮಾಡಿದ ಸಮಯದಲ್ಲಿ ಅಲ್ಲಿಯ ಕ್ರೈಸ್ತರು ಈ ಎರಡನೆಯ ಪೆಲ್ಲಾವನ್ನು ಸೇರಿ ಜೀವ ಉಳಿಸಿಕೊಂಡರೆಂದು ಪುರಾತನ ಚರ್ಚಿನ ಚರಿತ್ರಕಾರರು ಹೇಳುತ್ತಾರೆ. ಅಯೋವಾದ ಹುಲ್ಲುಗಾವಲಿಗೆ ಬಂದಿಳಿದವರೂ ಆಶ್ರಯವನ್ನು ಅರಸಿಯೇ ಬಂದಿದ್ದುದರಿಂದ, ಆ ಹೆಸರನ್ನೇ ಆರಿಸಿಕೊಂಡರು.

ಒಡೆದ ಪಿಂಗಾಣಿ

ಅವರ ನಾಯಕ ಹೆಂಡ್ರಿಕ್ ಸ್ಕೋಲ್ಟೆ ಎಂಬ ಧರ್ಮಬೋಧಕ. ೧೮೩೪ರಲ್ಲಿ ಹಾಲೆಂಡಿನ ಅಧಿಕೃತ ಚರ್ಚಿನಿಂದ ಸಿಡಿದು ಹೊರಬಂದವರಲ್ಲಿ ಈತನೂ ಒಬ್ಬ. ಅದಕ್ಕಾಗಿ ಸೆರೆಮನೆಯನ್ನೂ ಕಂಡ. ಇಪ್ಪತ್ತು ಜನಕ್ಕಿಂತ ಹೆಚ್ಚು ಮಂದಿ ಅಪ್ಪಣೆಯಿಲ್ಲದೆ ಪ್ರಾರ್ಥನೆಗೆ ಸೇರಿದರೆ ದಂಡ ತೆರಬೇಕಾಗಿದ್ದ ಕಾಲವದು. ಈ ಕಿರುಕುಳದ ಜೊತೆಗೆ ೧೮೪೫ರಿಂದ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಬಡವರ ಊಟವೇ ಮಣ್ಣುಪಾಲಾಯಿತು. ೧೮೪೭ರಲ್ಲಿ ಸುಮಾರು ೮೦೦ ಜನ ನಾಲ್ಕು ಹಡಗುಗಳನ್ನೇರಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಪೆಲ್ಲಾ ನೆಲೆಗೊಂಡಿತು. ಮೊದಲ ಚಳಿಗಾಲವನ್ನು ಬಹು ಮಂದಿ ನೆಲವನ್ನು ತೋಡಿ, ಮೇಲೆ ಹುಲ್ಲು ಹೊದಿಸಿದ ಗುಡಿಸಲುಗಳಲ್ಲಿ ಕಳೆದರು. ಆ ಕೇರಿಗೆ ಅವರೇ ಇಟ್ಟುಕೊಂಡ ಹೆಸರು ‘ಹುಲ್ಲುಪಟ್ಟಣ’.

ಸ್ಕೋಲ್ಟೆಯ ಪತ್ನಿ ಮಾರಿಯಾ ಅನುಕೂಲಸ್ಥರ ಮನೆಯ ಹೆಣ್ಣು. ತವರಿನಿಂದ ತಂದ ನೀಲಿ ಚಿತ್ತಾರದ ಡೆಲ್ಫ್ಟ್ ಪಿಂಗಾಣಿಯ ಪಾತ್ರೆಗಳನ್ನು ಆಕೆ ಪೆಟ್ಟಿಗೆಗಳಲ್ಲಿ ಜೋಪಾನವಾಗಿ ಕಟ್ಟಿಸಿದ್ದಳು. ಪೆಟ್ಟಿಗೆ ತೆರೆದು ನೋಡಿದರೆ ಹೆಚ್ಚಿನವು ಚೂರುಚೂರು. ಆಕೆ ಆ ಚೂರುಗಳನ್ನು ಎಸೆಯದೆ, ಹೊಸ ಮನೆಯ ಕೈತೋಟದ ಕಾಲುದಾರಿಗೆ ಹಾಸಿದಳೆಂದು ಆ ಮನೆತನದ ಕಥೆ ಹೇಳುತ್ತದೆ. ಆ ಮನೆ ಇಂದಿಗೂ ಊರಿನ ಚೌಕದ ಪಕ್ಕದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಇಡಿಯಾಗಿ ಉಳಿಯದುದನ್ನು ಚೂರಾಗಿಯಾದರೂ ಉಳಿಸಿಕೊಳ್ಳುವ ಈ ಹಟ, ಮುಂದಿನ ಪೆಲ್ಲಾದ ಚರಿತ್ರೆಯಲ್ಲೆಲ್ಲ ಕಂಡುಬರುತ್ತದೆ.

ಏಕೆಂದರೆ ಮುಂದೆ ಒಡೆದುಹೋದದ್ದು ಪಿಂಗಾಣಿಗಿಂತ ಬೆಲೆಯುಳ್ಳದ್ದು; ಅವರ ಮಾತೃಭಾಷೆ. ಎರಡು ತಲೆಮಾರುಗಳ ಕಾಲ ಮನೆಯಲ್ಲಿ, ಚರ್ಚಿನಲ್ಲಿ, ಅಂಗಡಿಯಲ್ಲಿ ಡಚ್ ನುಡಿಯೇ ನಡೆದಿತ್ತು. ಮೊದಲನೆಯ ಮಹಾಯುದ್ಧ ಬಂದಿತು. ಶತ್ರುಗಳಾದ ಜರ್ಮನರ ಮೇಲಿನ ಸಿಟ್ಟು ಎಲ್ಲ ಪರಭಾಷೆಗಳ ಮೇಲೂ ತಿರುಗಿತು. ೧೯೧೮ರ ಮೇ ೨೩ರಂದು ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದ. ಶಾಲೆಯಲ್ಲಿ, ಸಭೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ ಇಂಗ್ಲಿಷನ್ನಲ್ಲದೆ ಬೇರೆ ಭಾಷೆಯನ್ನು ಆಡಕೂಡದು. ಇಂಗ್ಲಿಷ್ ತಿಳಿಯದವರು ದೇವರ ಪ್ರಾರ್ಥನೆಯನ್ನು ತಮ್ಮ ಮನೆಯೊಳಗೆ ಮಾಡಿಕೊಳ್ಳತಕ್ಕದ್ದು! ಯುದ್ಧದ ಜೊತೆಗೆ ಆ ಆಜ್ಞೆಯೂ ಮುಗಿಯಿತು. ಆದರೆ ಮನಸ್ಸಿನಲ್ಲಿ ನೆಟ್ಟ ಅಳುಕು ಅಷ್ಟು ಸುಲಭವಾಗಿ ಹೋಗಲಿಲ್ಲ. ಮಕ್ಕಳೊಡನೆ ಡಚ್ ಮಾತನಾಡುವ ತಂದೆತಾಯಿಗಳು ವರ್ಷವರ್ಷಕ್ಕೂ ಕಡಿಮೆಯಾದರು. ಊರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕ ಫಿಲಿಪ್ ವೆಬರ್ ೧೯೮೮ರಲ್ಲಿ ಪೆಲ್ಲಾದ ಡಚ್ ನುಡಿಯನ್ನು ಕುರಿತು ಪುಸ್ತಕ ಪ್ರಕಟಿಸುವ ಹೊತ್ತಿಗೆ ಅದನ್ನು ಆಡಬಲ್ಲವರು ಬಹುಮಟ್ಟಿಗೆ ವೃದ್ಧರೇ ಆಗಿದ್ದರು.

ಮರದ ಹೂವಿನಿಂದ ಮಣ್ಣಿನ ಹೂವಿಗೆ

ನಾಲಗೆಗೆ ಎರಡು ಕೆಲಸ: ನುಡಿಯುವುದೊಂದು, ಸವಿಯುವುದೊಂದು. ಪೆಲ್ಲಾದ ನಾಲಗೆ ಮೊದಲನೆಯದನ್ನು ಮರೆಯತೊಡಗಿದಾಗ ಎರಡನೆಯದನ್ನು ಬಿಗಿಯಾಗಿ ಹಿಡಿದುಕೊಂಡಿತು. ಅದಕ್ಕೆ ಹಬ್ಬವೊಂದರ ಆಸರೆಯೂ ದೊರೆಯಿತು. ಸೋಜಿಗವೆಂದರೆ, ‘ಟ್ಯೂಲಿಪ್ ಟೈಮ್’ ಎಂಬ ಈ ಹಬ್ಬ ಮೂಲಪುರುಷರು ಹಾಲೆಂಡಿನಿಂದ ಹೊತ್ತು ತಂದುದಲ್ಲ. ೧೯೩೫ರಲ್ಲಿ, ಆರ್ಥಿಕ ಮುಗ್ಗಟ್ಟು ದೇಶವನ್ನೆಲ್ಲ ಹಿಂಡುತ್ತಿದ್ದ ಕಾಲದಲ್ಲಿ, ಊರಿನ ಪ್ರೌಢಶಾಲೆಯ ವಿದ್ಯಾರ್ಥಿಗಳು ಆಡಿದ ಒಂದು ಗೀತನಾಟಕದಿಂದ ಅದು ಹುಟ್ಟಿತು. ಆಗ ಊರಿನಲ್ಲಿ ತೋರಿಸಲು ಸಾಕಷ್ಟು ಟ್ಯೂಲಿಪ್ ಹೂಗಳೇ ಇರಲಿಲ್ಲ! ಬಡಗಿಯ ಕೈಯಲ್ಲಿ ಮರದ ಹೂಗಳನ್ನು ಮಾಡಿಸಿ, ಬಣ್ಣ ಬಳಿದು, ಬೀದಿಯಲ್ಲಿ ನಿಲ್ಲಿಸಿದರು. ನಿಜವಾದ ಗೆಡ್ಡೆಗಳು ನೆಲಕ್ಕೆ ಬಿದ್ದದ್ದು ಆಮೇಲೆ.

ಟ್ಯೂಲಿಪ್ ಹೂವಾದರೂ ಹಾಲೆಂಡಿನದೇ ಎನ್ನುವಂತಿಲ್ಲ. ಮಧ್ಯ ಏಷ್ಯದ ಬೆಟ್ಟಗಳ ಹೂವು ತುರ್ಕಿಯ ಸುಲ್ತಾನರ ತೋಟಗಳನ್ನು ಹಾದು ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ತಲಪಿತು. ಹೆಸರೂ ವಲಸೆ ಬಂದುದು, ಹೂವೂ ವಲಸೆ ಬಂದುದು, ಜನವೂ ವಲಸೆ ಬಂದವರು.

ಹಬ್ಬ ನಡೆಯುವುದು ಮೇ ತಿಂಗಳ ಆದಿಯ ಗುರುವಾರ, ಶುಕ್ರವಾರ, ಶನಿವಾರಗಳಂದು. ಭಾನುವಾರ ದೇವರ ದಿನ; ಅಂದು ಹಬ್ಬವಿಲ್ಲ, ಊರಿನ ಅನೇಕ ಅಂಗಡಿಗಳಿಗೂ ಬೀಗ. ಮೂರು ದಿನವೂ ಮಧ್ಯಾಹ್ನ ಮೆರವಣಿಗೆ, ರಾತ್ರಿ ದೀಪಾಲಂಕಾರದ ಮೆರವಣಿಗೆ. ಮೆರವಣಿಗೆಗೆ ಮುಂಚಿನ ವಿನೋದವನ್ನಂತೂ ನೋಡಿಯೇ ತಿಳಿಯಬೇಕು. ಊರ ಯಜಮಾನನ ವೇಷ ಧರಿಸಿದವನು ಗಂಭೀರವಾಗಿ ಬೀದಿಯನ್ನು ಪರೀಕ್ಷಿಸಿ, “ಇದು ಕೊಳೆಯಾಗಿದೆ!” ಎಂದು ತೀರ್ಪು ಕೊಡುತ್ತಾನೆ. ಒಡನೆ ಹೆಂಗಸರು, ಗಂಡಸರು, ಮಕ್ಕಳು ಬಕೆಟ್ಟು ಪೊರಕೆಗಳೊಂದಿಗೆ ಬೀದಿಗಿಳಿದು ತಿಕ್ಕಿ ತೊಳೆಯತೊಡಗುತ್ತಾರೆ. ಬೀದಿಗಿಂತ ಹೆಚ್ಚಾಗಿ ತೊಳೆದವರೇ ತೊಯ್ದಿರುತ್ತಾರೆ. ಆಮೇಲೆ ದಪ್ಪ ಕಾಲುಚೀಲಗಳ ಮೇಲೆ ಮರದ ಪಾದರಕ್ಷೆ ತೊಟ್ಟ ಮಕ್ಕಳ ನೃತ್ಯ. ನೂರಾರು ಪಾದಗಳು ಒಟ್ಟಿಗೆ ನೆಲಕ್ಕೆ ತಾಕುವ ಟಕಟಕ ಸದ್ದು. ಅವರ ಉಡುಪುಗಳು ಹಾಲೆಂಡಿನ ಬೇರೆ ಬೇರೆ ಪ್ರಾಂತಗಳವು. ಒಂದೊಂದನ್ನೂ ಅಳೆದು, ಹೊಲಿದು, ಕಸೂತಿಯ ಟೋಪಿಗೆ ಗಂಜಿ ಹಾಕಿ ಸಿದ್ಧಪಡಿಸುವುದರಲ್ಲಿ ತಾಯಂದಿರ, ಅಜ್ಜಿಯರ ಚಳಿಗಾಲದ ಎಷ್ಟೋ ಸಂಜೆಗಳು ಸಂದಿರುತ್ತವೆ.

ಅಕ್ಷರವನ್ನು ತಿನ್ನುವುದು

ಹಬ್ಬದ ಹಸಿವನ್ನು ತಣಿಸಲು ಚೌಕದ ಸುತ್ತ ಮಳಿಗೆಗಳು ಏಳುತ್ತವೆ. ಅಲ್ಲಿ ಕನ್ನಡಿಗನೊಬ್ಬ ಮೊದಲು ಬೆರಗಾಗುವುದು ‘ಪೊಫರ್ಟ್ಯೆಸ್’ ಎಂಬ ತಿಂಡಿಯನ್ನು ಕಂಡು. ಸಾಲುಸಾಲಾಗಿ ಗುಳಿಗಳುಳ್ಳ ಹಂಚು, ಗುಳಿಗಳಿಗೆ ಹುಯ್ಯುವ ಹುದುಗಿದ ಹಿಟ್ಟು, ಒಂದು ಮಗ್ಗುಲು ಬೆಂದೊಡನೆ ಚಕ್ಕನೆ ಮಗುಚುವ ಕೈಚಳಕ: ಎಲ್ಲವೂ ನಮ್ಮ ಪಡ್ಡಿನ ಒಡಹುಟ್ಟಿದ ತಮ್ಮನಂತೆ. ವ್ಯತ್ಯಾಸವೆಂದರೆ ಇಲ್ಲಿ ಕಾಯಿಚಟ್ನಿಯ ಬದಲು ಬೆಣ್ಣೆ ಮತ್ತು ಸಕ್ಕರೆಯ ಪುಡಿ. ತೆಳ್ಳನೆಯ ಎರಡು ಬಿಲ್ಲೆಗಳ ನಡುವೆ ಪಾಕ ಸವರಿದ ‘ಸ್ಟ್ರೋಪ್‌ವಾಫೆಲ್’ ಇನ್ನೊಂದು. ಮಾಂಸಾಹಾರಿಗಳಿಗೆ, ಬಳೆಯಂತೆ ಬಾಗಿಸಿ ಹೊಗೆಯಲ್ಲಿ ಹದಮಾಡಿದ ‘ಪೆಲ್ಲಾ ಬೊಲೋನಿ’ ಇದೆ.

ಆದರೆ ಊರಿನ ಕೀರ್ತಿಯೆಲ್ಲ ನಿಂತಿರುವುದು ‘ಡಚ್ ಅಕ್ಷರ’ದ ಮೇಲೆ. ಬೆಣ್ಣೆ ಸೇರಿಸಿ ಪದರಪದರವಾಗಿ ಲಟ್ಟಿಸಿದ ಕಣಕ. ಒಳಗೆ ಬಾದಾಮಿ, ಸಕ್ಕರೆ, ಮೊಟ್ಟೆ ಅರೆದು ಕೂಡಿಸಿದ ಹೂರಣ. ಉದ್ದನೆಯ ಸುರುಳಿ ಮಾಡಿ, ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿಸಿ, ಮೇಲೆ ಸಕ್ಕರೆ ಉದುರಿಸಿ ಬೇಯಿಸುತ್ತಾರೆ. ಕಚ್ಚಿದೊಡನೆ ಪದರಗಳು ಗರಗರನೆ ಉದುರುತ್ತವೆ. ಒಳಗಿನ ಹೂರಣ ಮೆತ್ತಗೆ ಕರಗುತ್ತದೆ. ೧೮೯೮ರಲ್ಲಿ ಆರಂಭವಾದ ಯಾರ್ಸ್ಮಾ ಬೇಕರಿಯ ಮುಂದೆ ಹಬ್ಬದ ದಿನಗಳಲ್ಲಿ ಇದಕ್ಕಾಗಿ ಉದ್ದನೆಯ ಸಾಲು ನಿಲ್ಲುತ್ತದೆ.

ಹಾಲೆಂಡಿನಲ್ಲಿ ಇದು ಡಿಸೆಂಬರಿನ ತಿಂಡಿ. ಡಿಸೆಂಬರ್ ೫ರ ರಾತ್ರಿ, ಮಕ್ಕಳಿಗೆ ಉಡುಗೊರೆ ತರುವ ಸಂತ ನಿಕೊಲಾಸನ ಹಬ್ಬದಲ್ಲಿ, ಮನೆಯವರ ಹೆಸರಿನ ಮೊದಲಕ್ಷರಗಳನ್ನು ಹೀಗೆ ಬೇಯಿಸುವ ಪದ್ಧತಿ. ಸಂತನನ್ನು ಡಚ್ಚರು ‘ಸಿಂಟರ್‌ಕ್ಲಾಸ್’ ಎನ್ನುತ್ತಾರೆ; ಎಸ್ ಅಕ್ಷರ ಆತನದೇ ಎಂಬುದು ಜನಜನಿತ ವಿವರಣೆ. ಪೆಲ್ಲಾದಲ್ಲಿ ಉಳಿದ ಅಕ್ಷರಗಳು ಹಿಂದೆ ಸರಿದು, ಈ ಒಂದಕ್ಷರ ವರ್ಷದ ಎಲ್ಲ ಋತುಗಳಲ್ಲೂ ನೆಲಸಿಬಿಟ್ಟಿತು. ಡಚ್ ಭಾಷೆಯ ವರ್ಣಮಾಲೆಯನ್ನು ಓದಲಾರದ ಮರಿಮಕ್ಕಳು ಅದರ ಒಂದಕ್ಷರವನ್ನು ದಿನವೂ ಬಾಯಲ್ಲಿಟ್ಟು ಸವಿಯುತ್ತಾರೆ.

ವೇಷವೋ, ಬಾಳೋ?

ಇದೆಲ್ಲ ಪ್ರವಾಸಿಗಳ ಹಣಕ್ಕಾಗಿ ಕಟ್ಟಿದ ವೇಷವಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ಅನ್ಯಾಯವಾದುದಲ್ಲ. ವ್ಯಾಪಾರದ ಕಟ್ಟಡಗಳಿಗೆ ಡಚ್ ಮಾದರಿಯ ಮುಖವಿರಬೇಕೆಂದು ಊರೇ ಕಟ್ಟಳೆ ಮಾಡಿಕೊಂಡಿದೆ. ನೂರಿಪ್ಪತ್ತು ಅಡಿಗೂ ಎತ್ತರದ ಆ ಗಾಳಿಗಿರಣಿ ನಿಂತದ್ದು ೨೦೦೨ರಲ್ಲಷ್ಟೆ. ಇಂದಿನ ಹಾಲೆಂಡಿನಲ್ಲಿ ಮರದ ಪಾದರಕ್ಷೆ ತೊಟ್ಟು ತಿರುಗುವವರನ್ನು ಹುಡುಕಬೇಕು. ಪೆಲ್ಲಾ ಹಿಡಿದುಕೊಂಡಿರುವುದು ಅಜ್ಜಂದಿರು ಬಿಟ್ಟುಬಂದ ಹಾಲೆಂಡನ್ನು. ಆ ದೇಶ ಈಗ ಭೂಪಟದಲ್ಲಿಲ್ಲ.

ಆದರೆ ಆ ಗಿರಣಿ ಗಾಳಿಯ ಬಲದಿಂದ ನಿಜವಾದ ಗೋಧಿಯನ್ನೇ ಬೀಸುತ್ತದೆ. ಊರಿನಲ್ಲಿ ಬಾಗಿಲು ಕಿಟಕಿಗಳ, ಕೃಷಿಯಂತ್ರಗಳ ದೊಡ್ಡ ಕಾರ್ಖಾನೆಗಳಿವೆ. ಹೊಟ್ಟೆಪಾಡಿಗೆ ಮೂರು ದಿನದ ಹಬ್ಬವನ್ನೇ ನೆಚ್ಚಬೇಕಾದ ಊರು ಇದಲ್ಲ. ಹಬ್ಬದ ದುಡಿಮೆಯೂ ಬಹುಪಾಲು ಸಂಬಳವಿಲ್ಲದ್ದು. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಹಬ್ಬ ನಿಂತಿತು. ಹಿಂದಿನ ಶರತ್ಕಾಲದಲ್ಲಿಯೇ ನೆಟ್ಟಿದ್ದ ಗೆಡ್ಡೆಗಳಿಗೆ ಆ ಸುದ್ದಿ ತಿಳಿಯದು. ಹೂಗಳು ತಮ್ಮ ಪಾಡಿಗೆ ಅರಳಿದವು.

ಸಾಮಾನ್ಯ ವರ್ಷಗಳಲ್ಲಿಯೂ ಅವು ಪಂಚಾಂಗ ನೋಡಿ ಅರಳುವುದಿಲ್ಲ. ವಸಂತ ಬೇಗ ಬೆಚ್ಚಗಾದರೆ ಹಬ್ಬದ ವೇಳೆಗೆ ದಳ ಉದುರಿ ದಂಟು ಮಾತ್ರ ಉಳಿಯುತ್ತದೆ. ಚಳಿ ಬಿಡದಿದ್ದರೆ ಬರಿಯ ಮೊಗ್ಗು. ಹಾಗೆಂದು ಊರು ಕೈಚೆಲ್ಲಿ ಕೂರುವುದಿಲ್ಲ. ಹಬ್ಬ ಮುಗಿದ ಮೇಲೆ ಹಳೆಯ ಗೆಡ್ಡೆಗಳನ್ನು ಅಗೆದು ತೆಗೆಯುತ್ತಾರೆ. ಜೋಳದ ಕೊಯ್ಲು ಮುಗಿದು ಚಳಿ ಇಳಿಯುವ ಹೊತ್ತಿಗೆ ಲಕ್ಷಕ್ಕೂ ಮಿಕ್ಕ ಹೊಸ ಗೆಡ್ಡೆಗಳನ್ನು ಮತ್ತೆ ನೆಡುತ್ತಾರೆ. ಹಿಮ ಬಿದ್ದು ಅಯೋವಾದ ನೆಲ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆ ಚಳಿ ಉಣ್ಣದೆ ಟ್ಯೂಲಿಪ್ ಹೂವಾಗದು.